ಕೂತು ಸುರಿದ ಕಾಫಿ

ಕೊಲ್ಲಿ ದೇಶದ ಮಿರ್ದಿಫ್‌ನಲ್ಲಿ ನಮ್ಮ ಎದುರು ಫ್ಲ್ಯಾಟಿನವಳು ಪೆರು ದೇಶದವಳು. ಅವಳ ತಾಯಿ ಊರಲ್ಲಿ ತೀರಿಕೊಂಡರು. ಎಷ್ಟೇ ಬೇಗ ಹೊರಟರೂ ನೀನು ಬರುವಷ್ಟರಲ್ಲಿ ಮಣ್ಣು ಮಾಡಿ ಆಗಿರುತ್ತದೆ ಎಂದು ಅಣ್ಣ ಫೋನಿನಲ್ಲಿ ಹೇಳಿದನಂತೆ. ಅವಳು ಹೋಗಲಿಲ್ಲ.

ಸತ್ತವರಿಗಾಗಿ ಒಂಬತ್ತು ಸಂಜೆ ಮಣಿ ಎಣಿಸುತ್ತ ಜಪಸರದ ಪ್ರಾರ್ಥನೆ ಹೇಳುವುದು ಅವರ ಕ್ಯಾಥೊಲಿಕ್ ಪದ್ಧತಿ. ಕಾನ್ವೆಂಟಿನಲ್ಲಿ ಸಿಸ್ಟರುಗಳು ಕಲಿಸಿದ್ದರಿಂದ ನನಗದು ಬಾಯಿಪಾಠ. ಅವಳ ಮನೆಯಲ್ಲಿ ಸೇರಿ, ಅವಳು ಸ್ಪ್ಯಾನಿಷ್‌ನಲ್ಲಿ, ನಾನು ಕೊಂಕಣಿಯಲ್ಲಿ ಹೇಳುತ್ತಿದ್ದೆವು. ಕೆಳಗಿನ ಮನೆಯ ಯಹೂದಿ ಹೆಂಗಸೂ ಬರುತ್ತಿದ್ದಳು. ಲಿಫ್ಟಿನಲ್ಲಿ ನಕ್ಕಷ್ಟೇ ಪರಿಚಯ. ಪ್ರಾರ್ಥನೆ ಅವಳದಲ್ಲ, ಸುಮ್ಮನೆ ಕೂರುತ್ತಿದ್ದಳು. ಬೇರೆಯವರ ಪಾತ್ರೆಯಲ್ಲಿ ತಿಂದು ಕುಡಿಯುವುದು ಅವರ ನೇಮಕ್ಕೆ ಸಲ್ಲದು. ಅದಕ್ಕೇ ತನ್ನದೇ ಗಾಜಿನ ಲೋಟ ತರುತ್ತಿದ್ದಳು.

ಮನೆಯವಳು ಮಾತ್ರ ಕೂರುತ್ತಲೇ ಇರಲಿಲ್ಲ. ಬೆಲ್ ಆದರೆ ಬಾಗಿಲಿಗೆ ಹೋಗುವಳು, ಕಾಫಿ ಜಗ್ಗು ಹಿಡಿದು ಓಡಾಡುವಳು. ಪ್ರಾರ್ಥನೆಯನ್ನೂ ಅಡುಗೆಮನೆಯ ಬಾಗಿಲಲ್ಲಿ ನಿಂತೇ ಹೇಳುತ್ತಿದ್ದಳು. ಕಣ್ಣು ಒಣಗಿತ್ತು.

ಒಂದು ಸಂಜೆ ಯಹೂದಿ ಹೆಂಗಸಿಗೆ ತಡೆಯಲಾಗಲಿಲ್ಲ. ನಮ್ಮ ಮಾತೆಲ್ಲ ಮುರುಕು ಇಂಗ್ಲಿಷಿನಲ್ಲಿ.

"ಖಲಾಸ್, ಸಾಕು. ಕೂತ್ಕೊ. ನಮ್ಮಲ್ಲಿ ಸಾವಾದ ಮನೆಯವರು ಏಳೋ ಹಾಗಿಲ್ಲ, ತಗ್ಗಿನಲ್ಲಿ, ನೆಲದ ಹತ್ತಿರ ಕೂತಿರ್ಬೇಕು. ಬಂದವರೇ ಬಡಿಸ್ತಾರೆ."

"ಚಂದ ಉಂಟು ನಿಮ್ಮ ಪದ್ಧತಿ! ನಮ್ಮಮ್ಮನ ಮನೆಗೆ ಬಂದವರು ಕಾಫಿ ಇಲ್ಲದೆ ಹೋದದ್ದೇ ಇಲ್ಲ. ಹೂಳ್ಲಿಕ್ಕಂತೂ ಆಗಲಿಲ್ಲ. ಇದಾದರೂ ಮಾಡ್ಬೇಡ್ವಾ ನಾನು?"

"ಕೂತ್ಕೊಂಡು ಮಾಡು ಮಾರಾಯ್ತಿ," ಎಂದೆ ನಾನು, ಅಭ್ಯಾಸಬಲದಿಂದ ಕನ್ನಡದಲ್ಲೇ. ಆಮೇಲೆ ಇಂಗ್ಲಿಷಿನಲ್ಲಿ ಹೇಳಿದೆ.

"ಕೂತರೆ ಅಳ್ತೇನೆ."

"ಕೂರಿಸೋದೇ ಅದಕ್ಕೆ," ಎಂದಳು ಯಹೂದಿ ಹೆಂಗಸು.

ಸೋಫಾದ ದಿಂಬನ್ನು ನೆಲಕ್ಕೆ ಹಾಕಿದಳು. ಜಗ್ಗನ್ನು ಕಿತ್ತುಕೊಳ್ಳಲಿಲ್ಲ. ಟ್ರೇ ತಾನು ಹಿಡಿದು ಎದುರಿಗೆ ಮಂಡಿಯೂರಿದಳು. "ಸುರಿಯೋದು ನೀನು, ಹಂಚೋದು ನಾನು. ನಿಮ್ಮಮ್ಮನ ಪದ್ಧತಿಯೂ ಆಯ್ತು, ನಮ್ಮದೂ ಆಯ್ತು. ಯಲ್ಲಾ, ಶುರು ಮಾಡು."

ಮನೆಯವಳು ಇನ್ನೂ ನಿಂತೇ ಇದ್ದಳು. ಮನೆಯೊಳಗೂ ಬಿಚ್ಚದ ಬೂಟುಗಳನ್ನು ಒಂದೊಂದಾಗಿ ಬಿಚ್ಚಿ, ಕೊನೆಗೆ ಕೂತಳು.

ಮೊದಲು ನನ್ನ ಕಪ್ಪಿಗೆ ಸುರಿದಳು. ಆಮೇಲೆ ಆ ಗಾಜಿನ ಲೋಟಕ್ಕೆ. ಲೋಟ ತುಂಬಿತು, ಅವಳ ಕೈ ನಿಲ್ಲಲಿಲ್ಲ. ಕಾಫಿ ಟ್ರೇಗೆ ಇಳಿದು, ಹಿಡಿದವಳ ತೋಳಿನ ಮೇಲೆ ಹರಿಯಿತು.

"ಅಮ್ಮ ಇದ್ದಿದ್ರೆ ಬೈತಿದ್ಳು," ಎಂದಳು ಮನೆಯವಳು.

"ಬೈಲಿ ಬಿಡು," ಎಂದಳು ಯಹೂದಿ ಹೆಂಗಸು.

ಆಗ ಮನೆಯವಳು ಅತ್ತಳು. ಟ್ರೇ ಹಿಡಿದವಳು ಅಲುಗಾಡಲಿಲ್ಲ. ಒದ್ದೆ ತೋಳಿನಲ್ಲೇ ಹಿಡಿದು ಕೂತಿದ್ದಳು. ಒರೆಸುವ ಬಟ್ಟೆ ತರಲು ಎದ್ದ ನಾನು, ಮೊದಲು ಅವಳ ಅಳು ಮುಗಿಯಲಿ ಎಂದು ಮತ್ತೆ ಕೂತೆ.