ಚೀರುವಿನ ಕೈಗೆ ವೀಳ್ಯ

ಚೀರುವಿಗೆ ನಾನು ಅವಮಾನ ಮಾಡಿದ್ದು ಒಂದು ಹಿತ್ತಾಳೆ ತಟ್ಟೆಯಿಂದ. ತಟ್ಟೆಯಲ್ಲಿ ಐದು ವೀಳ್ಯದೆಲೆ, ಎರಡು ಅಡಿಕೆ, ಮಡಿಸಿಟ್ಟ ಒಂದು ಹೊಸ ತೋರ್ತು ಟವೆಲ್ ಇದ್ದವು. ಗೋಡೆ ಕೆಲಸ ಶುರುವಾಗುವ ದಿನ ಕರಣೆ ಹಿಡಿಯುವ ಮೇಸ್ತ್ರಿಯ ಕೈಗೆ ವೀಳ್ಯ ಕೊಡುವುದು ನಮ್ಮ ಮನೆಯ ಪದ್ಧತಿ. ಅವತ್ತು ಕರಣೆ ಹಿಡಿಯಲಿದ್ದವಳು ಚೀರು. ನಾನು ಅವಳನ್ನು ದಾಟಿ ಹೋಗಿ ಅವಳ ಮೈದುನ ಚಿಕ್ಕಣ್ಣನ ಮುಂದೆ ತಟ್ಟೆ ಹಿಡಿದೆ. ಮಾವ ಹಾಗೆ ಹೇಳಿದ್ದರು, ನಾನು ಹಾಗೆ ಮಾಡಿದೆ. ಹೆಂಗಸಿನ ಕೈಗೆ ಮೇಸ್ತ್ರಿಯ ವೀಳ್ಯ ಕೊಟ್ಟದ್ದನ್ನು ಯಾರೂ ಕಂಡಿರಲಿಲ್ಲವಂತೆ.

ಚಿಕ್ಕಣ್ಣನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೂಳಿಗೆ ದಂಡ, ಭೂಮಿಗೆ ಭಾರ. ಇಟ್ಟಿಗೆಯ ಯಾವ ಮೈ ಹೊರಗಿರಬೇಕೆಂದೂ ಅವನಿಗೆ ಗೊತ್ತಿಲ್ಲ. ಅವನು ಅಲ್ಲೇ ಎಲೆ ಜಗಿದು, ತೋರ್ತನ್ನು ಹೆಗಲ ಮೇಲೆ ಹಾಕಿಕೊಂಡ.

ಚೀರು ಕರಣೆಯನ್ನು ಸೆರಗಿನಲ್ಲಿ ಒರೆಸುತ್ತಾ ನನ್ನ ಮಾವ ಪದ್ಮಪ್ಪಗೌಡರ ಕಡೆ ತಿರುಗಿದಳು. "ಶರಿ ಗೌಡ್ರೆ. ವೀಳ್ಯ ಇಲ್ದೆನೇ ಪಣಿ ಸುರು ಮಾಡ್ತೀನಿ. ಕರ್ಕಿಡಕ ತಿಂಗಳ ಮಳೆ ಪೂರಾ ಕುಡ್ದ ಮೇಲೂ ಒಳಗಡೆ ಗೋಡೆ ಒಣಗೇ ಇದ್ರೆ, ಆಗ ನನ್ ಕೈಗೆ ಕೊಡ್ಬೇಕು. ಒಂದ್ ಹನಿ ಒಳಗೆ ಬಂದ್ರೂ ಈ ಕರಣೇನ ನಿಮ್ಮ ಬಾವಿಗೆ ಹಾಕ್ಬಿಟ್ಟು ಹೋಗ್ತೀನಿ."

ವಯನಾಡು ಬೇರೆ ಜಿಲ್ಲೆಯಾದ ಮೂರನೆಯ ವರ್ಷ ಅದು. ಮೀನಂಗಡಿಯಿಂದ ಒಳಗೆ, ಕಾಫಿ ತೋಟದ ನಡುವೆ ನಮ್ಮ ಇಟ್ಟಿಗೆ ಮನೆ. ಮಳೆ ಬಂದು ಬಡಿಯುವುದು ಪಡುವಣ ಗೋಡೆಗೆ. ಅದರ ಸಂದುಗಳಲ್ಲಿ ಗಾರೆ ಉದುರಿ, ಬೆರಳಿಟ್ಟರೆ ಗೆಣ್ಣಿನವರೆಗೆ ಒಳಗೆ ಹೋಗುತ್ತಿತ್ತು. ಇದಕ್ಕೆ ನಾವೇ ಕಾರಣ. ಆ ಸಂದುಗಳಲ್ಲಿ ಕುಂಬಾರ ಹುಳಗಳು ಮಣ್ಣಿನ ಗೂಡು ಕಟ್ಟುತ್ತವೆ. ನಾವು ಜೈನರು. ಮರಿಯಿರುವ ಗೂಡನ್ನು ಮುಚ್ಚಿದರೆ ಪಾಪ ಎಂದು ಅತ್ತೆಯ ಕಾಲದಿಂದ ಮೂವತ್ತು ವರ್ಷ ಆ ಗೋಡೆಯನ್ನು ಯಾರಿಗೂ ಮುಟ್ಟಗೊಡಲಿಲ್ಲ. ಹುಳ ಉಳಿದವು, ಗೋಡೆ ಸಾಯತೊಡಗಿತು.

ಮನೆಯ ಮುಂಭಾಗದ ಗೋಡೆಯನ್ನು ಎರಡು ವರ್ಷದ ಹಿಂದೆ ಮಾವನ ತಮ್ಮ ಶಾಂತಿನಾಥ ಸರಿ ಮಾಡಿಸಿದ್ದರು. ಘಾಟಿ ಕೆಳಗಿನಿಂದ ಬಂದ ಗುತ್ತಿಗೆದಾರ ಕರುಣಾಕರನ್ ನಾಲ್ಕೇ ದಿನದಲ್ಲಿ ಸಂದುಗಳಿಗೆಲ್ಲ ಸಿಮೆಂಟು ತುಂಬಿದ. ಎಷ್ಟು ಗೂಡುಗಳು ಒಳಗೆ ಹೂತುಹೋದವೋ! ಮಾವ ಮೂರು ದಿನ ಊಟ ಬಿಟ್ಟರು. ಪಡುವಣ ಗೋಡೆಗೆ ಸಿಮೆಂಟಿನವನು ಬೇಡ ಎಂದು ಅವರು ಹಟ ಹಿಡಿದದ್ದೂ, ಚೀರುವಿಗೆ ಕೆಲಸ ಸಿಕ್ಕಿದ್ದೂ ಅದರಿಂದಲೇ. ಸೋರಿದರೆ ಆ ಗೋಡೆ ಕೆಡವಿ ಹೊಸದು ಕಟ್ಟಿಸುತ್ತೇನೆಂದು ಶಾಂತಿನಾಥರು ಕಾದು ಕುಳಿತಿದ್ದರು.

ಚೀರು ಒಂಬತ್ತನೇ ವಯಸ್ಸಿಗೆ ಗಾರೆ ಹೊತ್ತವಳು. ಮದುವೆಯಾದ ಮೇಲೆ ಗಂಡ ಕುಮಾರನ್ ಮೇಸ್ತ್ರಿಗೆ ಸುಣ್ಣ ಅರೆದಳು. ಸಾಯುವ ಮುಂಚಿನ ಆರು ವರ್ಷ ಆ ಮನುಷ್ಯನ ಕಣ್ಣಿಗೆ ಪೊರೆ ಬಂದು ಏನೂ ಕಾಣುತ್ತಿರಲಿಲ್ಲ. ಅವನು ಕಲ್ಲಿನ ಮೇಲೆ ಕೂತು ಬೈಯುತ್ತಿದ್ದ, ಗೋಡೆ ಏಳಿಸುತ್ತಿದ್ದವಳು ಇವಳು. ಊರಿಗೆಲ್ಲ ಇದು ಗೊತ್ತು. ಆದರೂ ವೀಳ್ಯ ಅವನ ಕೈಗೆ ಹೋಗುತ್ತಿತ್ತು, ಇವಳು ಅದಕ್ಕೆ ಸುಣ್ಣ ಹಚ್ಚಿ ಮಡಿಸಿ ಕೊಡುತ್ತಿದ್ದಳು. ಅದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಮೀನ ಮಾಸದಲ್ಲಿ ಅವಳು ಕೆಲಸ ಶುರು ಮಾಡಿದಳು. ಸುಣ್ಣವನ್ನು ವಾರಗಟ್ಟಲೆ ನೆನೆಸಿ, ಇಟ್ಟಿಗೆ ಪುಡಿ ಸೇರಿಸಿ, ಬೆಲ್ಲ ಮತ್ತು ಅಳಲೆಕಾಯಿಯ ನೀರು ಬೆರೆಸಿ ಅರೆದಳು. ಜೈನರ ಮನೆಯೆಂದು ಮೊಟ್ಟೆಯ ಬಿಳಿ ಮಾತ್ರ ಹಾಕಲಿಲ್ಲ. ಮೊಟ್ಟೆ ಹಾಕದೆ ಗಾರೆ ಹಿಡಿಯುತ್ತದೆಯೇ ಎಂದು ಕರುಣಾಕರನ್ ರಸ್ತೆಯಲ್ಲಿ ನಿಂತು ನಕ್ಕ. ಅವಳು ಕರಣೆಯಲ್ಲಿ ಗಾರೆ ತೆಗೆದು ಅವನ ಮುಂದೆ ಬೋರಲು ಹಿಡಿದಳು. ಬೀಳಲಿಲ್ಲ. ಅವನು ಹೋಗುವವರೆಗೂ ಹಿಡಿದೇ ಇದ್ದಳು.

ಕೊಕ್ಕೆ ಕಬ್ಬಿಣದಿಂದ ಸಂದು ಕೆರೆಯುವುದು, ಧೂಳು ಗುಡಿಸುವುದು, ನೀರು ಹೊಡೆಯುವುದು, ಗಾರೆ ಒತ್ತುವುದು. ಗೂಡು ಸಿಕ್ಕಲ್ಲಿ ಸುತ್ತ ಅರಿಸಿನದ ಗೆರೆ ಎಳೆದು ಬಿಡುತ್ತಿದ್ದಳು. ಮರಿ ಗೂಡು ಕೊರೆದು ಹಾರಿಹೋದ ದಿನ ಆ ತೂತಿಗೆ ಗಾರೆ. ಹೀಗೆ ತೊಂಬತ್ತಕ್ಕೂ ಹೆಚ್ಚು ಗೂಡುಗಳನ್ನು ಕಾದಳು. ದಿನಾ ಗೋಡೆಯ ಬುಡಕ್ಕೆ ಅವಳ ಗಂಜಿ ಒಯ್ಯುತ್ತಿದ್ದವಳು ನಾನೇ. ತಟ್ಟೆಯ ಮಾತು ಅವಳೂ ಎತ್ತಲಿಲ್ಲ, ನನಗೂ ಬಾಯಿ ಬರಲಿಲ್ಲ.

ಆ ವರ್ಷ ಮಳೆ ಹತ್ತು ದಿನ ಮೊದಲೇ ಬಂತು. ಗೋಡೆಯಲ್ಲಿ ಇನ್ನೂ ಏಳು ಗೂಡುಗಳು ಮುಚ್ಚಿಕೊಂಡೇ ಇದ್ದವು. ಶಾಂತಿನಾಥರು ಕೊಡೆ ಹಿಡಿದು ಬಂದರು. ಅವಳೂ ಗೂಡು ಹೂತರೆ ತಾವು ಮಾಡಿಸಿದ್ದು ತಪ್ಪಾಗುವುದಿಲ್ಲವೆಂಬ ಲೆಕ್ಕ. "ಚೀರೂ, ತುಂಬ್ಸಿಬಿಡು. ಅಣ್ಣನಿಗೆ ಯಾರ್ ಹೇಳ್ತಾರೆ? ನೀನೂ ಗೆಲ್ತೀಯ."

"ಅದು ಕರುಣಾಕರನ್ ಪಣಿ, ಚಿಕ್ಕಗೌಡ್ರೆ. ನಂಗೆ ಬರಲ್ಲ."

"ಸೋರಿದ್ರೆ ಕರಣೆ ಬಾವಿಗೆ, ನೆನಪಿರ್ಲಿ."

"ಬಾವಿ ಎಲ್ಲಿದೆ ಅಂತ ಗೊತ್ತು ನಂಗೆ!"

ಅವಳು ಹುಲ್ಲಿನ ಏಳು ಪುಟ್ಟ ತಡಿಕೆ ಹೆಣೆದು ಏಳು ಗೂಡಿಗೂ ಸೂರಿನ ಹಾಗೆ ಕಟ್ಟಿದಳು. ದಿನಾ ಬೆಳಿಗ್ಗೆ ನೆನೆಯುತ್ತಾ ಬಂದು ಒಂದೊಂದನ್ನೂ ಎತ್ತಿ ನೋಡುತ್ತಿದ್ದಳು. ಗಾಳಿ ಹಾರಿಸಿದರೆ ಮತ್ತೆ ಕಟ್ಟುತ್ತಿದ್ದಳು. ನನಗೆ ಭಯವಾಗಿತ್ತು. ನಾಚಿಕೆಯೂ ಆಗಿತ್ತು. ಹತ್ತೊಂಬತ್ತನೇ ದಿನ ಕೊನೆಯ ಹುಳ ಹೊರಬಂತು. ಹನಿ ನಿಂತ ಒಂದು ಗಳಿಗೆಯಲ್ಲಿ ಅವಳು ಆ ತೂತನ್ನೂ ತುಂಬಿ ಮತ್ತೆ ತಡಿಕೆ ಕಟ್ಟಿದಳು.

ಜಡಿಮಳೆಯ ಕರ್ಕಿಡಕ ಮಾಸ ಕಳೆದ ದಿನ ಶಾಂತಿನಾಥರು ತಮ್ಮ ಬಿಳಿ ಪಂಚೆಯ ತುದಿಯನ್ನು ಒಳಗೋಡೆಗೆ ಒತ್ತಿ ಒತ್ತಿ ನೋಡಿದರು. ಮೂಲೆ ಬಿಡಲಿಲ್ಲ, ಬುಡ ಬಿಡಲಿಲ್ಲ. ಪಂಚೆಗೆ ಒಂದಿಷ್ಟು ಪುಡಿ ಹತ್ತಿತು, ತೇವ ಹತ್ತಲಿಲ್ಲ. ಅವರ ಸಿಮೆಂಟಿನ ಗೋಡೆ ಮಾತ್ರ ಆ ಮಳೆಗೆ ಹಪ್ಪಳದಂತೆ ಸಿಪ್ಪೆ ಬಿಟ್ಟಿತ್ತು. ನೀರು ಸಿಮೆಂಟಿನಿಂದ ಹೊರಬರಲಾರದೆ ಇಟ್ಟಿಗೆಯನ್ನೇ ತಿಂದಿತ್ತು. ಮಾಡಿದ್ದುಣ್ಣೋ ಮಹರಾಯ!

ಯಾರೂ ಹೇಳದೆ ನಾನೇ ತಟ್ಟೆ ತಂದೆ. ಚೀರು ಕೈ ಚಾಚಲಿಲ್ಲ.

"ನೀವಲ್ಲ, ವಿಮಲಮ್ಮ. ಅವತ್ತು ಗೌಡ್ರು ಹೇಳಿದ್ರು, ನೀವು ಕೊಟ್ರಿ. ಇವತ್ತು ಹೇಳ್ದೋರೇ ಕೊಡ್ಲಿ."

ಜಗಲಿಯಲ್ಲಿ ಎಲ್ಲರೂ ಇದ್ದರು. ಮಾವ ಎದ್ದರು, ಮೆಟ್ಟಿಲಿಳಿದರು, ನನ್ನ ಕೈಯಿಂದ ತಟ್ಟೆ ತೆಗೆದುಕೊಂಡರು. "ತಗೊಳ್ಳಿ, ಮೇಸ್ತ್ರಿ" ಎಂದರು. ನಲವತ್ತು ವರ್ಷ ಅವಳನ್ನು ಏಕವಚನದಲ್ಲಿ ಕರೆದ ಬಾಯಿ ಅದು.

ಚೀರು ಎರಡೂ ಕೈಯಲ್ಲಿ ವೀಳ್ಯ ತೆಗೆದುಕೊಂಡಳು. ಗೌಡರ ಎದುರಿಗೇ ಬಾಯಿಗೆ ಹಾಕಿ ಜಗಿದಳು. ತೋರ್ತನ್ನು ಕೊಡವಿ ತಲೆಗೆ ಸುತ್ತಿಕೊಂಡು, ಉಳಿ ಸುತ್ತಿಗೆ ಎತ್ತಿಕೊಂಡು, ಯಾರನ್ನೂ ಕೇಳದೆ ಮುಂಭಾಗದ ಗೋಡೆಗೆ ಹೋಗಿ ಸಿಮೆಂಟಿಗೆ ಮೊದಲ ಏಟು ಹಾಕಿದಳು.

"ಚಿಕ್ಕಗೌಡ್ರೆ, ನೋಡ್ತಾ ನಿಂತ್ಕೋಬೇಡಿ" ಎಂದಳು. "ಹೋಗಿ ಸುಣ್ಣ ನೆನೆಹಾಕಿ."

ಶಾಂತಿನಾಥರು ಪಂಚೆ ಎತ್ತಿ ಕಟ್ಟಿ, ಸುಣ್ಣದ ತೊಟ್ಟಿಯ ಕಡೆ ನಡೆದರು.