ಕಡೆಯ ಮರಿ ದಾಟುವ ತನಕ

ಇಂಡಿ ತಾಲೂಕಿನ ಭೀಮಾ ದಂಡೆಯಲ್ಲಿ ಚಂದಪ್ಪನ ಹಾಗೆ ಹೊಳೆ ದಾಟಿಸಬಲ್ಲ ಕುರುಬ ಇನ್ನೊಬ್ಬನಿರಲಿಲ್ಲ. ಮಹಾಪೂರ ಬಂದಾಗ ಮೊಸಳೆಗಳೂ ಅವನ ಹಿಂಡಿನ ಹಿಂದೆ ಸಾಲು ಹಿಡಿದು ನಿಲ್ಲುತ್ತಿದ್ದವು ಎಂದರೆ ನೀವು ನಂಬುವುದಿಲ್ಲ, ನಂಬಬೇಡಿ. ಆದರೆ ಇನ್ನೂರು ಕುರಿ ನೀರಿಗಿಳಿದರೆ ಆಚೆ ದಂಡೆಗೆ ಇನ್ನೂರೇ ಏರುತ್ತಿದ್ದವು. ಒಮ್ಮೆ ನಡುಹೊಳೆಯಲ್ಲಿ ಒಂದು ಈದು ಇನ್ನೂರಾ ಒಂದು ಏರಿದ್ದವು. ಇದನ್ನು ಮಾತ್ರ ನಂಬಲೇಬೇಕು, ಯಾಕೆಂದರೆ ಆ ಮರಿಯನ್ನು ನಾನು ನೋಡಿದ್ದೇನೆ.

ಅವನ ರೀತಿ ಹೀಗಿತ್ತು. ಎಲ್ಲಕ್ಕೂ ಮುಂದೆ ಕೊರಳಿಗೆ ಗಂಟೆ ಕಟ್ಟಿದ ಹೋತ, ಅದರ ಬೆನ್ನಿಗೆ ಚಂದಪ್ಪ, ಅವನ ಬೆನ್ನಿಗೆ ಹಿಂಡು. ನಡುನೀರಿಗೆ ಬಂದವನೇ ಗಕ್ಕನೆ ನಿಂತು ಹಿಂದಕ್ಕೆ ತಿರುಗಿ ಎರಡೂ ಕೈ ಚಾಚುತ್ತಿದ್ದ. ಕಡೆಯ ಮರಿ ತನ್ನನ್ನು ದಾಟಿ ಹೋಗುವ ತನಕ ಅಲುಗುತ್ತಿರಲಿಲ್ಲ. "ನಡುನೀರಾಗ ಹಿಂಡಿಗೆ ಬೆನ್ನ ತೋರಿಸಿದಂವ ಕುರುಬ ಅಲ್ಲ" ಎಂದು ಅವನ ಅಪ್ಪ ಹೇಳಿ ಸತ್ತಿದ್ದ.

ಹೀಗೆ ನಿಂತವನಿಗೆ ಪಕ್ಕದಿಂದ ಏನು ತೇಲಿ ಬರುತ್ತಿದೆ ಎಂಬುದು ಕಾಣುವುದಿಲ್ಲ. ಅದನ್ನು ನೋಡುವುದು ಹೆಂಡತಿ ಸಾತವ್ವನ ಕೆಲಸ. ಅವಳು ಈಚೆ ದಂಡೆಯಲ್ಲಿ ನಿಂತು ಹಿಂಡನ್ನು ಅಟ್ಟುತ್ತ, ಮೇಲಿನಿಂದ ಮರದ ಬೊಡ್ಡೆಯೋ ಸತ್ತ ಎಮ್ಮೆಯೋ ಬಂದರೆ "ಬಂತ್ರೀ!" ಎಂದು ಕೂಗುತ್ತಿದ್ದಳು. ಆ ಕೂಗಿಗೆ ಆಚೆ ದಂಡೆಯ ಮರಾಠಿ ಕುರಿಗಳೂ ಕನ್ನಡ ಕಲಿತಿದ್ದವು. ದೂರದ ಹಲಸಂಗಿಯಲ್ಲಿ ಮಲಗಿದ ಕೂಸು ಎದ್ದು ಅಳುತ್ತಿತ್ತು. ಚಂದಪ್ಪ ತಿರುಗಿ ಕೂಡ ನೋಡದೆ ಎರಡು ಹೆಜ್ಜೆ ಸರಿಯುತ್ತಿದ್ದ. ಬೊಡ್ಡೆ ಅವನ ಮಗ್ಗುಲಿಂದ ಹಾಯ್ದು ಹೋಗುತ್ತಿತ್ತು. ಇಪ್ಪತ್ತು ವರ್ಷದ ಸಂಸಾರ ಹೀಗೇ ನಡೆದಿತ್ತು. ಅವನ ಕಣ್ಣು ಹಿಂಡಿನ ಮೇಲೆ, ಅವಳ ಕಣ್ಣು ಅವನ ಮೇಲೆ.

ಎಪ್ಪತ್ತಾರರ ಮಳೆಗಾಲದಲ್ಲಿ ಸಾತವ್ವನ ಆ ದನಿಗೆ ಜಂಗು ಹಿಡಿಯಿತು. ಮೊದಲು ಒಡಕಾಯಿತು, ಆಮೇಲೆ ತಗ್ಗಿತು, ಸೀಗೀ ಹುಣ್ಣಿಮೆ ಹೊತ್ತಿಗೆ ಕಿವಿಯ ಹತ್ತಿರ ಬಾಯಿ ತಂದು ಮಾತಾಡುವ ಹಾಗಾಯಿತು. ಜ್ಯೇಷ್ಠಮಧು, ಕರಿಮೆಣಸು, ಮಠದ ಅಂಗಾರ ಎಲ್ಲ ಮುಗಿದವು. ಇಂಡಿಯ ಡಾಕ್ಟರು ಗಂಟಲೊಳಗೆ ಬ್ಯಾಟರಿ ಬಿಟ್ಟು ನೋಡಿ ನಗೆಯನ್ನು ನಿಲ್ಲಿಸಿದರು. ಇಂಗ್ಲಿಷಿನಲ್ಲಿ ಒಂದು ಚೀಟಿ ಬರೆದುಕೊಟ್ಟರು.

"ಮುಂಬೈ ದೊಡ್ಡ ದವಾಖಾನಿಗೆ ಹೋಗ್ರಿ. ಗಂಟಲದ ಡಾಕ್ಟರ್ ಸೋಮವಾರಕ್ಕೊಮ್ಮೆ ಅಷ್ಟ ನೋಡ್ತಾರ. ಈಗ ಹೋದ್ರ ದನಿ ಉಳದರೂ ಉಳೀತೈತಿ. ತಡಾ ಮಾಡಿದ್ರ ಜೀವಾನೂ ಉಳೂದಿಲ್ಲ ನೋಡಪಾ ಚಂದಪ್ಪ."

ಲೆಕ್ಕ ಸರಳವಿತ್ತು. ಶನಿವಾರ ಇಂಡಿ ರೋಡ್ ಸ್ಟೇಶನ್ನಿನಲ್ಲಿ ರೈಲು ಹತ್ತುವುದು, ಸೊಲ್ಲಾಪುರದಲ್ಲಿ ದೊಡ್ಡ ರೈಲು ಹಿಡಿಯುವುದು, ರವಿವಾರ ಮುಂಬಯಿಯಲ್ಲಿ ಇಳಿದು ಒಂದು ವಸತಿ, ಸೋಮವಾರ ತೋರಿಸಿ ಸಂಜೆ ರೈಲಿಗೆ ತಿರುಗಿ ಬರುವುದು. ಹಿಂಡನ್ನು ತಮ್ಮ ಮಲ್ಲಣ್ಣನಿಗೆ ಒಪ್ಪಿಸಿ "ಮೂರ ದಿನ ನೋಡ್ಕೊಳಪಾ" ಎಂದ. ಹೆಗಲಿಗೆ ಕರಿ ಕಂಬಳಿ, ಕೈಯಲ್ಲಿ ಕಟಕ ರೊಟ್ಟಿಯ ಗಂಟು, ಮುಂಡಾಸದ ಮಡಿಕೆಯಲ್ಲಿ ಡಾಕ್ಟರ ಚೀಟಿ. ಪ್ರವಾಸ ಹೊರಟಿತು.

ಮುಂಬಯಿಯ ನಿಲ್ದಾಣಕ್ಕೆ ನಮ್ಮೂರ ಭೀಮಶ್ಯಾ ಬಂದಿದ್ದ. ಅವನಿಗೆ ಅಲ್ಲಿ ಗಿರಣಿಯಲ್ಲಿ ಕೆಲಸ. ಇವರನ್ನು ಕಂಡು ಹಿಗ್ಗಿ, ತನ್ನ ಖೋಲಿಗೇ ಕರೆದೊಯ್ದ. ಆ ಖೋಲಿಯನ್ನು ನಮ್ಮ ಕಡೆಯ ಕೋಳಿ ನೋಡಿದ್ದರೆ ತನ್ನ ಗೂಡನ್ನು ವಾಡೆ ಎಂದು ಕರೆಯುತ್ತಿತ್ತು. ಇಪ್ಪತ್ತೆಂಟು ಜನ, ಎರಡು ಪಾಳಿ. ಮಲಗಿದವರಲ್ಲಿ ಒಬ್ಬ ಮಗ್ಗಲು ಬದಲಿಸಬೇಕಾದರೆ ಉಳಿದ ಹದಿಮೂರು ಜನ ಒಪ್ಪಬೇಕು. ಜಾಗ ಸಾಲದೆ ಒಬ್ಬನ ಕನಸು ಇನ್ನೊಬ್ಬನ ತಲೆಗೆ ಹೋಗುತ್ತಿತ್ತಂತೆ.

"ಕಾಕಾ, ನೀ ಹ್ಯಾಂಗರ ಮಾಡಿ ಹಿಡಸ್ತಿ. ಕಾಕೀನ ಮಾತ್ರ ಇಡಾಕ ಬರೂದಿಲ್ಲ. ಹೆಣ್ಮಕ್ಕಳ ಕಾಲು ಒಳಗ ಬಿದ್ರ ಮಾಲಕ ನಮ್ಮನ್ನೆಲ್ಲ ಹೊರಗ ಒಗೀತಾನ," ಎಂದು ಭೀಮಶ್ಯಾ ತಲೆ ಕೆರೆದುಕೊಂಡ.

ಮುಂದೆ ದವಾಖಾನೆಯ ಹತ್ತಿರದ ಒಂದು ಲಾಡ್ಜು. ಗಲ್ಲೆಯಲ್ಲಿ ಬಾಬುಲಾಲ ಎಂಬವನು ಕೂತಿದ್ದ. ಅವನ ತಾಯಿ ಸೊಲ್ಲಾಪುರದವಳು, ಹಾಗಾಗಿ ಕನ್ನಡ ಕುಂಟುತ್ತ ಬರುತ್ತಿತ್ತು. ಖೋಲಿ ಐತಿ ಎಂದ, ಹಾಸಿಗೆ ಐತಿ ಎಂದ, ನಲ್ಲಿ ಐತಿ ಎಂದ. ಕೊನೆಗೆ ಮೂಗು ಎತ್ತಿ ಚಂದಪ್ಪನ ಹೆಗಲು ನೋಡಿದ.

"ಆ ಕಂಬಳಿ ಹೊರಗ ಇಡ್ರಿ. ಕುರಿ ವಾಸನಿ ಬರ್ತದ."

ಚಂದಪ್ಪನಿಗೆ ಅರ್ಥವಾಗಲಿಲ್ಲ. "ಯಾವುದನ್ನ ಹೊರಗ ಇಡೂದು?"

"ಕಂಬಳಿ, ಕಂಬಳಿ."

"ಸಾಹುಕಾರ, ಇದರ ಮ್ಯಾಲೆ ನಾವು ಭಂಡಾರ ಚೆಲ್ಲಿ ದೇವರನ್ನ ಕುಂಡರಸ್ತೇವಿ. ಇದನ್ನ ಹೊರಗಿಟ್ಟು ನಾ ಒಳಗ ಮಲಗಲೇನು? ನಡೀ ಸಾತಿ."

ಸಾತವ್ವ ಅವನ ಕಿವಿಗೆ ಬಾಯಿ ತಂದು ಪಿಸುಗುಟ್ಟಿದಳು: "ಒಂದ ದಿನದ ಮಾತು, ದೇವ್ರು ಹೊಂದಿಕೊಂತಾನ ಬಿಡ್ರಿ."

"ದೇವ್ರು ಹೊಂದಿಕೊಂತಾನ, ನಾ ಹೊಂದಿಕೊಳ್ಳೂದಿಲ್ಲ," ಎಂದು ಚಂದಪ್ಪ ಮೆಟ್ಟಿಲಿಳಿದ.

ಕಡೆಗೆ ಸಿಕ್ಕಿದ್ದು ರಸ್ತೆಯ ಈಚೆ ಬದಿಯ ಧರ್ಮಶಾಲೆ. ಕಂಬಳಿ ಹಾಸಿದರೂ ಕೇಳುವವರಿಲ್ಲ. ಬುಕ್ಕಿನಲ್ಲಿ ಹೆಸರು ಬರೆಯುವವನು ಚೀಟಿಯ ಮೇಲಿನ ದವಾಖಾನೆಯ ಹೆಸರನ್ನಷ್ಟೇ ಓದಿ, ಕೈಯೆತ್ತಿ ರಸ್ತೆಯ ಆಚೆ ಬದಿಯ ದೊಡ್ಡ ಗೇಟು ತೋರಿಸಿದ. ಕೂತಲ್ಲಿಂದಲೇ ದವಾಖಾನೆ ಕಾಣುತ್ತದೆ! ಚಂದಪ್ಪನಿಗೆ ಹಿಗ್ಗೋ ಹಿಗ್ಗು. "ನಮ್ಮ ಕಂಬಳಿ ನಮಗ ಛಲೋ ಜಾಗಾ ಹುಡಿಕಿ ಕೊಡ್ತು" ಎಂದ. ಪಾಳಿ ಇದ್ದ ಭೀಮಶ್ಯಾ ಹೊರಟುಹೋದ.

ಸೋಮವಾರ ಬೆಳಗಾಯಿತು. ದವಾಖಾನೆ ಅಲ್ಲೇ ಇತ್ತು, ನಡುವೆ ರಸ್ತೆಯೂ ಇತ್ತು.

ಆ ರಸ್ತೆಯಲ್ಲಿ ಒಂದು ತಾಸಿಗೆ ಹಾಯ್ದ ಗಾಡಿಗಳನ್ನು ಹಿಡಿದು ತಂದಿದ್ದರೆ ಇಂಡಿಯಲ್ಲಿ ತಲೆಗೊಂದು ಹಂಚಿ, ಉಳಿದವನ್ನು ಸಿಂದಗಿ, ಮುದ್ದೇಬಿಹಾಳಕ್ಕೆ ಕಳಿಸಬಹುದಿತ್ತು. ಬಸವನ ಬಾಗೇವಾಡಿಯವರು ಜಗಳ ತೆಗೆದರೆ ಅವರಿಗೂ ನಾಲ್ಕು. ಎರಡು ಮಜಲಿನ ಕೆಂಪು ಬಸ್ಸು, ಹಳದಿ ತಲೆಯ ಕರಿ ಟ್ಯಾಕ್ಸಿ, ಲಾರಿ, ಕುದುರೆಗಾಡಿ. ಒಂದರ ಬಾಲ ಇನ್ನೊಂದರ ಬಾಯಲ್ಲಿ. ಇಂಡಿಯ ಬಸ್‌ಸ್ಟ್ಯಾಂಡಿನಲ್ಲಿ ಡ್ರೈವರ್ ಚಹಾ ಕುಡಿದು, ಎಲೆ ಹಾಕಿ, ಬೀಗರ ಕ್ಷೇಮ ಕೇಳಿ ಬಸ್ಸು ಬಿಡುವುದನ್ನು ಕಂಡವರು ಇವರು.

ಚಂದಪ್ಪ ಹೆದರಲಿಲ್ಲ. ಹೆದರಿದ್ದರೆ ಒಳ್ಳೆಯದಿತ್ತು. ಫುಟ್‌ಪಾತಿನ ಅಂಚಿಗೆ ಕುಕ್ಕರಗಾಲಿನಲ್ಲಿ ಕೂತು ಹೊಳೆ ಓದುವ ಹಾಗೆ ರಸ್ತೆಯನ್ನು ಓದಿದ. ಸೆಳವು ಎಲ್ಲಿ, ಸುಳಿ ಎಲ್ಲಿ, ನೀರು ತೆಳುವಾಗುವುದು ಯಾವಾಗ. ಒಂದು ತಾಸು ಹೋಯಿತು. ಆಗ ಹತ್ತಿಯ ಅಂಡಿಗೆ ಹೇರಿದ ಕೈಗಾಡಿಯನ್ನು ಎಳೆಯುತ್ತ ಹಮಾಲನೊಬ್ಬ ಬಂದ, ಎಡಕ್ಕೂ ನೋಡದೆ ಬಲಕ್ಕೂ ನೋಡದೆ ಗಾಡಿಗಳ ನಡುವೆ ನುಗ್ಗಿದ. ಗಾಡಿಗಳು ಬೈಯುತ್ತ ನಿಂತವು.

"ಹೋತ ಸಿಕ್ತು ಸಾತೀ! ನನ್ನ ಹಿಂದ ಬಾ!"

ಕೈಗಾಡಿಯ ಹಿಂದೆ ಚಂದಪ್ಪ, ಅವನ ಹಿಂದೆ ಸಾತವ್ವ. ನಡುರಸ್ತೆಗೆ ಬಂದ. ಅಲ್ಲಿ ಅವನು ಮಾಡಿದ್ದನ್ನು ಮುಂಬಯಿಯಲ್ಲಿ ಹುಟ್ಟಿದ ನಾಯಿಯೂ ಮಾಡುತ್ತಿರಲಿಲ್ಲ. ಗಕ್ಕನೆ ನಿಂತ. ಹಿಂದಕ್ಕೆ ತಿರುಗಿದ. ಎರಡೂ ಕೈ ಚಾಚಿದ. ಕೈಗಾಡಿ ತನ್ನ ಪಾಡಿಗೆ ಮುಂದೆ ಹೋಯಿತು. ಸಾತವ್ವ ಇನ್ನೂ ಫುಟ್‌ಪಾತಿನಿಂದ ಎರಡು ಹೆಜ್ಜೆ ಇಳಿದಿದ್ದಳು. ಒಂದು ಟ್ಯಾಕ್ಸಿ ಅವನ ಬಲಗಡೆಯಿಂದ ಬರುವುದು ಅವಳಿಗೆ ಕಂಡಿತು. ಅವನಿಗೆ ಕಾಣಲಿಲ್ಲ, ಅವನು ಅವಳನ್ನು ನೋಡುತ್ತಿದ್ದ.

ಸಾತವ್ವ ಬಾಯಿ ತೆರೆದಳು. ಇಪ್ಪತ್ತು ವರ್ಷ ಕೂಗಿದ ಕೂಗನ್ನೇ ಕೂಗಿದಳು. ಬರೀ ಗಾಳಿ ಬಂತು.

ಹಮಾಲ ಗಾಡಿ ಬಿಟ್ಟು ಓಡಿ ಬಂದ. ಬಾಳೆಹಣ್ಣು ಮಾರುವವನೊಬ್ಬ ಬಂದ. ಚಂದಪ್ಪನನ್ನು ಅವನ ಕಂಬಳಿಯ ಮೇಲೇ ಹಾಕಿಕೊಂಡು ದೊಡ್ಡ ಗೇಟಿನೊಳಗೆ ಒಯ್ದರು. ಚೀಟಿ ಕೇಳಲಿಲ್ಲ, ಸಾಲಿನಲ್ಲಿ ನಿಲ್ಲಿಸಲಿಲ್ಲ. ಅಷ್ಟು ಸಲೀಸಾಗಿ ಆ ದವಾಖಾನೆಯ ಒಳಗೆ ಹೋದವರು ನಮ್ಮ ತಾಲೂಕಿನಲ್ಲಿ ಇನ್ನೊಬ್ಬರಿಲ್ಲ. ಬಲಗಾಲು ಎರಡು ಕಡೆ ಮುರಿದಿತ್ತು.

ತೋರಿಸಿಕೊಳ್ಳಲು ಬಂದವಳು ಕೆಳಗೆ ಕಂಬಳಿ ಹಾಸಿ ಕೂತಳು. ಕರೆತಂದವನು ಮೇಲೆ ಕಾಟಿನಲ್ಲಿ ಕಾಲನ್ನು ಹಗ್ಗಕ್ಕೆ ಕಟ್ಟಿಸಿಕೊಂಡು ಮಲಗಿದ. ಆ ವಾರ್ಡಿನಲ್ಲಿ ಇಂದುಬಾಯಿ ಎಂಬ ಆಯಾ ಇದ್ದಳು, ಅಕ್ಕಲಕೋಟೆಯ ಕಡೆಯವಳು. ನಾಲ್ಕನೆಯ ದಿನ ತೊಳೆಯಲೆಂದು ಚಂದಪ್ಪನ ಮುಂಡಾಸ ಬಿಚ್ಚುವಾಗ ಅವಳಿಗೆ ಚೀಟಿ ಸಿಕ್ಕಿತು. ನರ್ಸಿನ ಕೈಯಲ್ಲಿ ಓದಿಸಿಕೊಂಡು ಬಂದು ಹಣೆ ಬಡಿದುಕೊಂಡಳು.

"ಅಯ್ಯ ಯವ್ವಾ, ಗಂಟಲದ ವಾರ್ಡು ಇಲ್ಲಿಲ್ಲ! ಅದು ಆಚೀ ಕಡಿ ಹಳೇ ಕಟ್ಟಡದಾಗ. ನೀವು ಇಳದಿದ್ರಿ ನೋಡು ಧರ್ಮಶಾಲಿ, ಅದರ ಹಿಂದಿನ ಗ್ವಾಡಿಗೆ ಹತ್ತೇತಿ. ನೀವು ರಸ್ತಾ ದಾಟೂದ ಬೇಕಿರ್ಲಿಲ್ಲ."

ಚಂದಪ್ಪ ಮಲಗಿದಲ್ಲೇ ಎರಡೂ ಕೈ ಜೋಡಿಸಿದ. "ಸೋಮವಾರ ಈಕೀನ ಕರಕೊಂಡ ಹೋಗ ತಂಗಿ, ನಿನ್ನ ಕಾಲ ಬೀಳ್ತೇನಿ" ಎಂದ.

ಸೋಮವಾರ ಇಂದುಬಾಯಿ ಕೈ ಹಿಡಿದು ಎಬ್ಬಿಸಿದಳು. ಸಾತವ್ವ ಏಳಲಿಲ್ಲ. ಪಿಸುಮಾತಿನಲ್ಲಿ ಹೇಳಿದಳು:

"ಬೇಕಾದಾಗ ಬರಲಿಲ್ಲ. ಇನ್ನ ಯಾತಕ್ಕ ಬೇಕು ಈ ದನಿ?"

"ದನಿ ಸುಡ್ಲಿ, ಜೀವ ಉಳಿಸ್ಕೋ ಹುಚ್ಚಿ!" ಎಂದಳು ಇಂದುಬಾಯಿ.

"ಇವರು ಕಾಲ ಊರಿದ ದಿನ ಹೋಗ್ತೇನಿ. ನಡುನೀರಾಗ ಬಿಟ್ಟು ನಾ ಹೋಗಾಕಿ ಅಲ್ಲ."

ಚಂದಪ್ಪ ಬೈದ, ಅತ್ತ, ರೊಟ್ಟಿ ಮುಟ್ಟದೆ ಮುಖ ತಿರುವಿದ. ಅವಳು ಕೂತೇ ಇದ್ದಳು. ಎರಡು ಸೋಮವಾರ ಹೋದವು, ಮೂರನೆಯದೂ ಹೋಯಿತು. ಇಪ್ಪತ್ತೈದನೇ ದಿನ, ಗುರುವಾರ, ಕಾಲಿಗೆ ಸುಣ್ಣದ ಪಟ್ಟು ಹಾಕಿ, ಬಗಲಿಗೆ ಊರುಗೋಲು ಕೊಟ್ಟು, ಕಾಟು ಖಾಲಿ ಮಾಡಿಸಿದರು. ಇಂದುಬಾಯಿ ಪೋಲೀಸಿನವನಿಗೆ ಕೈಮುಗಿದು ರಸ್ತೆ ನಿಲ್ಲಿಸಿ ಇಬ್ಬರನ್ನೂ ದಾಟಿಸಿದಳು. ಹಳೇ ಕಟ್ಟಡದ ಬಾಗಿಲಲ್ಲಿದ್ದವನು ಚೀಟಿ ನೋಡಿ, "ಸೋಮವಾರ" ಎಂದ.

ಕಳೆಯಬೇಕಾದದ್ದು ನಾಲ್ಕು ರಾತ್ರಿ. ಧರ್ಮಶಾಲೆಯವನು ಬುಕ್ಕು ತೆಗೆದು ತೋರಿಸಿದ. ಒಮ್ಮೆ ಹೆಸರು ಬರೆಸಿದವರಿಗೆ ಮೂರು ದಿನ, ಇದ್ದರೂ ಅಷ್ಟೇ ಬಿಟ್ಟರೂ ಅಷ್ಟೇ. ಮತ್ತೆ ಎರಡು ತಿಂಗಳು ಬರೆಯುವಂತಿಲ್ಲ. ದವಾಖಾನೆಯ ಪಡಸಾಲೆ ರೋಗಿಯ ಕಡೆಯವರಿಗೆ ಮಾತ್ರ, ಈಗ ಇವರ ರೋಗಿ ಕಾಗದದಲ್ಲಿ ಗುಣವಾಗಿದ್ದ. ಭೀಮಶ್ಯಾನ ಮಾಲಕ ಬದಲಾಗಿರಲಿಲ್ಲ.

ಚಂದಪ್ಪ ಊರುಗೋಲು ಊರುತ್ತ ಬಾಬುಲಾಲನ ಲಾಡ್ಜಿಗೆ ಬಂದ. ಮೆಟ್ಟಿಲ ಕೆಳಗೆ ನಿಂತು ಹೆಗಲಿನ ಕಂಬಳಿ ತೆಗೆದ. ಅದರ ಮೇಲೆ ಅವನದೇ ರಕ್ತ ಒಣಗಿ ಗಟ್ಟಿಯಾಗಿತ್ತು. ಅದನ್ನು ನಾಲ್ಕು ಮಡಿಕೆ ಮಡಚಿ, ಹೊಸ್ತಿಲ ಹೊರಗೆ ಚಪ್ಪಲಿಗಳ ಮಗ್ಗುಲಿಗೆ ಇಟ್ಟ. ಸಾತವ್ವ ಕಣ್ಣು ಮುಚ್ಚಿಕೊಂಡಳು.

"ಹೊರಗ ಇಟ್ಟೇನ್ರಿ, ಸಾಹುಕಾರ. ಈಗ ಖೋಲಿ ಕೊಡ್ರಿ."

ಬಾಬುಲಾಲ ಕಂಬಳಿಯ ಕಡೆ ನೋಡಲೇ ಇಲ್ಲ. ಸುಣ್ಣದ ಕಾಲು ನೋಡಿದ. ಸಾತವ್ವನ ಕೊರಳಲ್ಲಿ ಉಬ್ಬಿದ್ದನ್ನು ನೋಡಿದ.

"ರೋಗದವರಿಗೆ ಖೋಲಿ ಕೊಡೂದಿಲ್ಲ. ಬ್ಯಾರೇ ಗಿರಾಕಿ ಓಡಿಹೋಗ್ತಾರ. ಸಿಟ್ಟ ಮಾಡಬ್ಯಾಡ್ರಿ."

ಚಂದಪ್ಪ ಸಿಟ್ಟು ಮಾಡಲಿಲ್ಲ. ಇಟ್ಟದ್ದನ್ನು ತಿರುಗಿ ಎತ್ತಲು ಬಾರದೆ ನಿಂತ. ಕಂಬಳಿಯನ್ನು ಸಾತವ್ವನೇ ಎತ್ತಿ, ಧೂಳು ಕೊಡವಿ ಅವನ ಹೆಗಲಿಗೆ ಹಾಕಿದಳು. "ಊರಿಗೆ ಹೋಗೂನ ನಡೀರಿ. ಅಮಾಸಿ ಕಳದು ಬರೂನಂತ" ಎಂದು ಕಿವಿಯಲ್ಲಿ ಹೇಳಿದಳು.

ಅಮಾವಾಸ್ಯೆಗಳು ಕಳೆದವು. ಹೋಳಿಗೆ ಎಂಟು ದಿನ ಇದ್ದಾಗ ಸಾತವ್ವ ತೀರಿಕೊಂಡಳು. ಕೊನೆಯ ತಿಂಗಳು ಅವಳಿಗೆ ಪಿಸುಮಾತೂ ಇರಲಿಲ್ಲ, ಗಂಜಿಯೂ ಇಳಿಯುತ್ತಿರಲಿಲ್ಲ. ನಾನು ಇಲ್ಲಿಯ ತನಕ ಎಷ್ಟೋ ಉಬ್ಬಿಸಿ ಹೇಳಿದ್ದೇನೆ. ಇದರಲ್ಲಿ ಒಂದಕ್ಷರ ಉಬ್ಬಿಸಿಲ್ಲ.

ಮುಂದಿನ ಶ್ರಾವಣದಲ್ಲಿ ಭೀಮೆ ಕೆಂಪಾಗಿ ಬಂತು. ಹಿಂಡು ಆಚೆ ಹೋಗಬೇಕಿತ್ತು. ಚಂದಪ್ಪನ ಬಲಗಾಲು ನಾಲ್ಕು ಬೆರಳು ಗಿಡ್ಡ, ನೀರಿನಲ್ಲಿ ನಿಲ್ಲುತ್ತಿರಲಿಲ್ಲ. ಮಲ್ಲಣ್ಣ ಕೇಳಿದ, "ಯಣ್ಣಾ, ನಡುವ ನಿಂದ್ರಾವರು ಯಾರು?"

"ನೀ ನಿಂದರು. ಹಿಂಡ ನೋಡು, ಬ್ಯಾರೇ ಏನೂ ನೋಡಬ್ಯಾಡ. ನಾ ಇಲ್ಲಿಂದ ಹೇಳ್ತೇನಿ."

ಸಾತವ್ವ ನಿಲ್ಲುತ್ತಿದ್ದ ಕಲ್ಲಿನ ಮೇಲೆ ಊರುಗೋಲು ಊರಿ ನಿಂತ. ಹೋತ ಇಳಿಯಿತು, ಹಿಂಡು ಇಳಿಯಿತು. ಮೇಲಿನಿಂದ ಒಂದು ಜಾಲಿಯ ಬೊಡ್ಡೆ ತೇಲಿ ಬಂತು. ಚಂದಪ್ಪ ಕೂಗಿದ. ಆ ಕೂಗಿಗೆ ಮಲ್ಲಣ್ಣ ಎರಡಲ್ಲ, ನಾಲ್ಕು ಹೆಜ್ಜೆ ಸರಿದ. ಬೊಡ್ಡೆ ಹಾಯ್ದು ಹೋಯಿತು.

ಕಡೆಯ ಮರಿಯೂ ಆಚೆ ದಂಡೆ ಏರಿತು. ಮಲ್ಲಣ್ಣ ಎಣಿಸಿದ, ಎಲ್ಲ ಇದ್ದವು. ತಿರುಗಿ ನೋಡಿದರೆ ಹೊಳೆಯಲ್ಲಿ ನೀರಲ್ಲದೆ ಏನೂ ಇರಲಿಲ್ಲ. ಈಚೆ ದಂಡೆಯ ಕಲ್ಲಿನ ಮೇಲೆ ಅವನಣ್ಣ ಇನ್ನೂ ಕೂಗುತ್ತಲೇ ಇದ್ದ: "ಬಂತು! ಬಂತು!"