ಮನೆಗೊಂದು ಅಚ್ಚು

ಅವರ ಎಡಗೈ ಹೆಬ್ಬೆರಳಿನ ಉಗುರಿನಲ್ಲಿ ಅಕ್ಕಿನುಚ್ಚಿನಷ್ಟು ಒಂದು ಕಚ್ಚು ಇತ್ತು. ಉಗುರು ಬೆಳೆದು ಆ ಕಚ್ಚು ತುದಿಗೆ ಸರಿಯುವ ಹೊತ್ತಿಗೆ ಅದೇ ಜಾಗದಲ್ಲಿ ಇನ್ನೊಂದು ಬಂದಿರುತ್ತಿತ್ತು. ಮರದ ತುಂಡನ್ನು ಎಡಗೈಯಲ್ಲಿ ಹಿಡಿದು ಬಲಗೈಯಿಂದ ಚಾಕು ತಳ್ಳುವಾಗ, ಚಾಕು ಪ್ರತಿಸಲವೂ ಬಂದು ನಿಲ್ಲುತ್ತಿದ್ದುದು ಅಲ್ಲಿಯೇ. ಆ ಕಚ್ಚಿನಲ್ಲಿ ಒಂದು ದಿನ ಮೈದಾ ಹಿಟ್ಟು, ಇನ್ನೊಂದು ದಿನ ನೀಲಿ ಬಣ್ಣ ಕೂತಿರುತ್ತಿತ್ತು. ಅವರು ಬೆಳಗಿನಿಂದ ಏನು ಮಾಡಿದ್ದಾರೆಂದು ನಾನು ಅದನ್ನು ನೋಡಿಯೇ ತಿಳಿಯುತ್ತಿದ್ದೆ.

ಹರಿಹರದಲ್ಲಿ ನಮ್ಮ ಪಕ್ಕದ ಮನೆಯವರು ಅವರು. ಓಣಿಗೆಲ್ಲ ಚಾಚಿ, ನನಗೂ ಚಾಚಿ, ಅಮ್ಮನಿಗೆ ಮಾತ್ರ ಆಪಾ. ಅವರ ಯಜಮಾನರು ಬೀಗ, ಛತ್ರಿ ರಿಪೇರಿ ಮಾಡುತ್ತಿದ್ದವರು; ನಾವು ಆ ಓಣಿಗೆ ಬರುವ ಮೊದಲೇ ತೀರಿಕೊಂಡಿದ್ದರು. ಅವರ ಸಲಕರಣೆಯ ಪೆಟ್ಟಿಗೆಯನ್ನು ಚಾಚಿ ಯಾರಿಗೂ ಕೊಡದೆ ಇಟ್ಟುಕೊಂಡಿದ್ದರು. ಛತ್ರಿಯ ಕಡ್ಡಿಯನ್ನು ಕಲ್ಲಿಗೆ ಉಜ್ಜಿ ಚೂಪು ಮಾಡಿ ಉಳಿಯಂತೆ ಬಳಸುತ್ತಿದ್ದರು. ಬೆಳಗಿನ ಅಡುಗೆ ಮುಗಿದ ಮೇಲೆ ಮಧ್ಯಾಹ್ನದ ನಮಾಜಿನವರೆಗಿನ ಹೊತ್ತು ಅವರದು. ಆ ಹೊತ್ತಿನಲ್ಲಿ ಬಾಗಿಲ ಮೆಟ್ಟಿಲ ಮೇಲೆ ಕುಳಿತು ಮದುವೆ ಕಾರ್ಡುಗಳ ಹಿಂದಿನ ಖಾಲಿ ಜಾಗದಲ್ಲಿ ಚಿತ್ರ ಬರೆಯುತ್ತಿದ್ದರು. ಎದುರಿಗೆ ಕಂಡದ್ದೇ ಚಿತ್ರ: ನಲ್ಲಿಯ ಕೆಳಗಿನ ಕೊಡ, ಒಣಹಾಕಿದ ಲುಂಗಿ, ಸ್ಕೂಟರಿನ ಸೀಟಿನ ಮೇಲೆ ಮಲಗಿದ ಕೋಳಿ. ಒಮ್ಮೆ ನಾನು ದಾವಣಗೆರೆಯ ಮಂಡಿಪೇಟೆಯಿಂದ ಉಲ್ಲನ್ ತಂದುಕೊಟ್ಟೆ. ವಾರ ಕಳೆಯುವುದರೊಳಗೆ ಅವರ ಗ್ಯಾಸ್ ಸಿಲಿಂಡರಿಗೆ ಹಳದಿ ಅಂಗಿ ಬಂದಿತ್ತು, ಕುತ್ತಿಗೆಗೆ ಕಾಲರ್ ಸಮೇತ.

"ಇಷ್ಟ್ ಚಂದ ಮಾಡ್ತೀರಿ, ಮಾರ್ರಿ ಚಾಚಿ" ಎಂದು ಯಾರಾದರೂ ಹೇಳುತ್ತಲೇ ಇದ್ದರು.

"ಮಾರಿದ್ರ ಅವ್ರು ಹೇಳಿದ್ದು ಮಾಡಬೇಕು. ಈಗ ನನಗ ತಿಳಿದಿದ್ದು ಮಾಡ್ತೀನಿ. ಸಿಲಿಂಡರ್‌ಗೆ ಕಾಲರ್ ಇಡು ಅಂತ ಯಾರು ಆರ್ಡರ್ ಕೊಡ್ತಾರ, ಹೇಳು?"

ಅವರ ಕೈ ನಿಜವಾಗಿ ಪಳಗಿದ್ದು ಬಿಸ್ಕತ್ತಿನ ಅಚ್ಚುಗಳಲ್ಲಿ. ನಮ್ಮ ಕಡೆ ಹಬ್ಬ ಬಂತೆಂದರೆ ಬಿಸ್ಕತ್ತು ಹಾಕಿಸುವುದು ಒಂದು ಪದ್ಧತಿ. ಮನೆಯಲ್ಲೇ ಮೈದಾ, ಸಕ್ಕರೆ ಪುಡಿ, ಡಾಲ್ಡಾ ಕಲಸಿ, ಉಂಡೆ ಮಾಡಿ, ಬೇಕರಿಯವರ ಟ್ರೇಗಳಲ್ಲಿ ಜೋಡಿಸಿ ಭಟ್ಟಿಗೆ ಕೊಡುತ್ತೇವೆ; ಬೆಂದ ಮೇಲೆ ಡಬ್ಬಿ ಹಿಡಿದು ಹೋಗಿ ತರುತ್ತೇವೆ. ನಮ್ಮ ಓಣಿಯಲ್ಲಿ ರಂಜಾನಿಗೂ ದೀಪಾವಳಿಗೂ ಎಲ್ಲರ ಮನೆಯಿಂದಲೂ ಟ್ರೇ ಹೋಗುತ್ತಿದ್ದವು. ಭಟ್ಟಿಯೊಳಗೆ ಹೋಗುವಾಗ ಯಾರದು ಯಾವುದೆಂದು ತಿಳಿದಿರುತ್ತಿತ್ತು. ಹೊರಗೆ ಬಂದಾಗ ಎಲ್ಲವೂ ಒಂದೇ ಬಣ್ಣ. ನಮ್ಮದು ಬೆಣ್ಣೆಯದು, ಇದು ಡಾಲ್ಡಾದ್ದು ಎಂದು ಬೇಕರಿಯ ಮುಂದೆ ಜಗಳ ಆಗುತ್ತಿತ್ತಂತೆ. ಚಾಚಿ ಪೇರಲ ಮರದ ಕೊಂಬೆಯ ತುಂಡುಗಳಲ್ಲಿ ಮನೆಗೊಂದು ಅಚ್ಚು ಕೆತ್ತಿಕೊಟ್ಟರು. ಉಂಡೆಯ ಮೇಲೆ ಒತ್ತಿದರೆ ಆ ಮನೆಯ ಗುರುತು ಮೂಡುತ್ತಿತ್ತು. ಬಿಸ್ಕತ್ತು ಉಬ್ಬಿದಾಗ ಸಣ್ಣ ಗೆರೆಗಳೆಲ್ಲ ಮುಚ್ಚಿಹೋಗುತ್ತವೆ ಎಂದು ಗೆರೆ ಕಡಿಮೆ ಮಾಡಿ ಆಳವಾಗಿ ಕೆತ್ತುತ್ತಿದ್ದರು.

ಗುರುತು ಯಾವುದೆಂದು ಅವರು ಯಾರನ್ನೂ ಕೇಳುತ್ತಿರಲಿಲ್ಲ. ಸುಮ್ಮನೆ ಆ ಮನೆಗೆ ಹೋಗಿ ಅಡುಗೆಮನೆಯಲ್ಲಿ ಕುಳಿತು ಬರುತ್ತಿದ್ದರು. ಎಷ್ಟೋ ಸಲ ಹೋಗಿ ಬಂದ ಮೇಲೆ ಒಂದು ದಿನ ಅಚ್ಚು ತಂದು ಕೈಗಿಡುತ್ತಿದ್ದರು. ಸದಾ ಕಿತ್ತಾಡುತ್ತಿದ್ದ ಗಂಡ ಹೆಂಡತಿಗೆ ಬೆನ್ನಿಗೆ ಬೆನ್ನು ಹಾಕಿ ನಿಂತ ಎರಡು ಕೋಳಿ ಸಿಕ್ಕವು. ಆ ಹೆಂಡತಿಯೇ ಅದನ್ನು ಮನೆಮನೆಗೆ ತೋರಿಸಿಕೊಂಡು ಬಂದಳು. ಓಣಿಯ ಟೇಲರ್ ಎಡಚ. ಅವನಿಗೆ ಕತ್ತರಿ ಹಿಡಿದ ಎಡಗೈಯನ್ನು ಕೆತ್ತಿದರು. ಅಚ್ಚಿನಲ್ಲಿ ಎಡಗೈ ಇದ್ದರೆ ಬಿಸ್ಕತ್ತಿನ ಮೇಲೆ ಬಲಗೈ ಮೂಡುತ್ತದೆ ಎಂಬುದು ಆ ಸಲ ಅವರ ತಲೆಗೆ ಹೊಳೆದಿರಲಿಲ್ಲ. ಟೇಲರ್ ಡಬ್ಬಿ ತೆಗೆದು ನೋಡಿ ಬೇಕರಿಯ ಮುಂದೆಯೇ ಕೈಮುಗಿದ.

"ನಮ್ಮಪ್ಪ ಬೆತ್ತ ಮುರಿಯಂಗೆ ಹೊಡೆದ್ರೂ ಈ ಕೈ ಬಲಗೈ ಆಗ್ಲಿಲ್ಲ ಚಾಚಿ. ನೀವು ಒಂದೇ ಭಟ್ಟಿಗೆ ಮಾಡಿಬಿಟ್ರಲ್ರಿ!"

"ತಿನ್ನು ಮಾರಾಯ, ಬಾಯಾಗ ಹೋದ ಮ್ಯಾಲೆ ಎಡ ಏನು ಬಲ ಏನು" ಎಂದರು ಚಾಚಿ. ಮುಂದಿನ ಹಬ್ಬಕ್ಕೆ ಹೊಸ ಅಚ್ಚು ಕೆತ್ತಿಕೊಟ್ಟರು.

ನಮ್ಮ ಮನೆಗೆ ಮಾತ್ರ ಅಚ್ಚು ಬರಲಿಲ್ಲ.

ನಾನು ಪಿಯುಸಿಯಲ್ಲಿದ್ದಾಗ ನಾವು ಆ ಓಣಿಗೆ ಬಂದೆವು. ಬಂದವರು ನಾನು, ಅಮ್ಮ ಇಬ್ಬರೇ. ಅಮ್ಮ ಒಂದು ಔಷಧಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದರು. ಅಪ್ಪ ಯಾಕೆ ಜೊತೆಯಲ್ಲಿಲ್ಲ ಎಂದು ಓಣಿಯವರು ಕೇಳಲಿಲ್ಲ, ನಾವು ಹೇಳಲಿಲ್ಲ. ಇದನ್ನು ಓದುವವರಿಗೂ ಅಷ್ಟೇ ಸಾಕು. ನಾವು ಕದ ಹಾಕಿಕೊಂಡೇ ಇರುತ್ತಿದ್ದೆವು. ಚಾಚಿ ನಮ್ಮ ಅಡುಗೆಮನೆಗೂ ಬಂದು ಕೂರುತ್ತಿದ್ದರು. ಅಮ್ಮ ಚಹಾ ಕೊಡುತ್ತಿದ್ದರು, ಚಾಚಿ ಕುಡಿದು ಹೋಗುತ್ತಿದ್ದರು. ನಾನು ಪದವಿ ಮುಗಿಸಿ, ದಾವಣಗೆರೆಗೆ ಬಸ್ಸಿನಲ್ಲಿ ಓಡಾಡಿ ಎಂ.ಎಸ್ಸಿ. ಮಾಡಿ, ಅಲ್ಲಿಯೇ ಒಂದು ಕಾಲೇಜಿನಲ್ಲಿ ಪಾಠ ಮಾಡಲು ಶುರು ಮಾಡಿದ ಮೇಲೂ ನಮ್ಮ ಬಿಸ್ಕತ್ತಿನ ಮೇಲೆ ಏನೂ ಇರಲಿಲ್ಲ.

ಗುರುತಿಲ್ಲದ ಇನ್ನೊಂದು ಮನೆ ಚಾಚಿಯದೇ. ಹಾಗಾಗಿ ನಮ್ಮ ಟ್ರೇಗಳು ಪ್ರತಿ ಹಬ್ಬದಲ್ಲೂ ಕಲೆತುಹೋಗುತ್ತಿದ್ದವು. ಭಟ್ಟಿಯ ಮುಂದೆ ನಿಂತವನು ಒಂದೊಂದೇ ಗುರುತು ಕೂಗಿ ಕೊನೆಗೆ, "ಬೋಳು ಬಿಸ್ಕತ್ತಿನವರು ಬರ್ರಿ!" ಎನ್ನುತ್ತಿದ್ದ. ಎಲ್ಲರೂ ನಗುತ್ತಿದ್ದರು. ನನಗೆ ನೆಲ ನೋಡುವಂತಾಗುತ್ತಿತ್ತು. ಚಾಚಿ ನನ್ನ ಮೊಣಕೈ ಹಿಡಿದು, "ಬಾ ಬೇಟಾ, ನಮ್ಮನ್ನೇ ಕರೀತಾನ" ಎಂದು ಮುಂದೆ ನಡೆಯುತ್ತಿದ್ದರು. ನಮ್ಮ ಡಬ್ಬಿಯಲ್ಲಿ ಅವರ ಏಲಕ್ಕಿಯ ಬಿಸ್ಕತ್ತುಗಳು, ಅವರ ಡಬ್ಬಿಯಲ್ಲಿ ನಮ್ಮ ಸಪ್ಪೆ ಬಿಸ್ಕತ್ತುಗಳು ಇರುತ್ತಿದ್ದವು. ನಮ್ಮ ಮನೆಯಲ್ಲಿ ಕೆತ್ತುವಂಥದ್ದೇನೂ ಅವರಿಗೆ ಕಾಣಲಿಲ್ಲ ಎಂದು ನಾನು ತೀರ್ಮಾನಿಸಿದ್ದೆ. ಅದು ನೋಯಿಸುತ್ತಿತ್ತು. ಕೇಳುವುದು ಮಾತ್ರ ನನ್ನಿಂದ ಆಗುತ್ತಿರಲಿಲ್ಲ.

ಆಮೇಲೆ ಅವರ ಕಣ್ಣು ಕೈಕೊಟ್ಟಿತು. ಮೊದಲು, ದಪ್ಪ ಗಾಜಿನ ಕನ್ನಡಕ ಹಾಕಿಯೂ ಆಗದೆ, ಸೂಜಿಗೆ ದಾರ ಪೋಣಿಸಲು ನನ್ನನ್ನು ಕರೆದರು. ನಂತರ ಮೆಟ್ಟಿಲು ತಪ್ಪಿದರು. ಮಗ ಹಣ್ಣಿನ ಗಾಡಿ ಬಿಟ್ಟು ಬರುವಂತಿರಲಿಲ್ಲ, ಸೊಸೆ ಭಾನುವಳ್ಳಿಯಿಂದ ಬಂದ ಹೊಸ ಹುಡುಗಿ, ದಾವಣಗೆರೆ ಗೊತ್ತಿರಲಿಲ್ಲ. ಹಾಗಾಗಿ ಕಣ್ಣಿನ ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಹೋದ ದೃಷ್ಟಿ ಮರಳುವುದಿಲ್ಲ, ಹನಿ ಹಾಕಿದರೆ ಉಳಿದದ್ದು ಸ್ವಲ್ಪ ಕಾಲ ಉಳಿಯಬಹುದು ಎಂದರು ವೈದ್ಯರು.

ಹಿಂದಿರುಗುವಾಗ ಬಸ್ಸಿನಲ್ಲಿ ಚಾಚಿ ಹನಿಯ ಸೀಸೆಯನ್ನು ಸೆರಗಿನ ತುದಿಗೆ ಕಟ್ಟಿಕೊಂಡರು. ಹರಿಹರ ಹತ್ತಿರ ಬಂದಾಗ, "ನಿಮ್ಮನಿ ಅಚ್ಚು ಒಂದು ಉಳೀತಲ್ಲ" ಎಂದರು.

ಅವರಿಗೆ ಅದು ನೆನಪಿದೆ ಎಂದೇ ನನಗೆ ಗೊತ್ತಿರಲಿಲ್ಲ. "ಇರಲಿ ಬಿಡ್ರಿ ಚಾಚಿ" ಎಂದೆ.

"ಯಾಕ ಇರಲಿ? ಈ ರಂಜಾನ್‌ಗೆ ಆಗಬೇಕು. ಕೆತ್ತೋಳು ನೀನು. ನೋಡೋದು ನಾನು." ಬಲಗೈಯ ತೋರುಬೆರಳನ್ನು ನನ್ನ ಮುಖದ ಮುಂದೆ ಹಿಡಿದು ಆಡಿಸಿದರು. "ಇನ್ನ ಮ್ಯಾಲೆ ಇದೇ ನನ್ನ ಕಣ್ಣು."

ಕಾಲೇಜಿಗೆ ರಜೆ ಇದ್ದ ದಿನಗಳಲ್ಲಿ ಅವರ ಮೆಟ್ಟಿಲ ಮೇಲೆ ಕುಳಿತು ಕಲಿತೆ. ಮರದ ನಾರಿನ ಎದುರು ಚಾಕು ತಳ್ಳಿದರೆ ಸಿಬಿರು ಏಳುತ್ತಿತ್ತು. ಸಪ್ಪಳ ಕೇಳಿಯೇ ಅವರು, "ಉಲ್ಟಾ ಹೊಂಟೀದಿ, ತಿರುಗಿಸು" ಎನ್ನುತ್ತಿದ್ದರು. ನಾನು ಮೊದಲು ಕೆತ್ತಿದ್ದು ಪುಸ್ತಕ. ಓದುವ ಮನೆ ಎಂದುಕೊಂಡಿದ್ದೆ.

ಚಾಚಿ ಬೆರಳಾಡಿಸಿದರು. "ಇಟ್ಟಿಗಿ?"

"ಪುಸ್ತಕ ಚಾಚಿ."

"ನಾಕು ಮೂಲಿ, ನಡುವ ಒಂದು ಗೆರಿ. ಮೇಸ್ತ್ರಿ ಮನಿಗೆ ಕೊಡೋಣ ಬಿಡು." ನಕ್ಕು, ತುಂಡನ್ನು ಪಕ್ಕಕ್ಕಿಟ್ಟರು. "ಪುಸ್ತಕ ಎಲ್ಲಾರ ಮನ್ಯಾಗೂ ಐತೆ. ನಿಮ್ಮನ್ಯಾಗೆ ಮಾತ್ರ ಇರೋದು ಏನು?"

ನಾನು ಚಾಕುವಿಗೆ ಅಂಟಿದ ಮರದ ಪುಡಿ ಒರೆಸಿದೆ. ಅವರು ಕಾಯುತ್ತ ಕುಳಿತರು.

"ನನಗ ಗೊತ್ತೈತೆ. ಆದ್ರ ನಾನು ಹೇಳಂಗಿಲ್ಲ" ಎಂದರು.

ಆ ದಿನ ಮೊದಲ ಬಾರಿಗೆ ನಮ್ಮ ಮನೆಯ ಒಂದು ಮಾತನ್ನು ಹೊರಗಿನವರಿಗೆ ಹೇಳಿದೆ. ಅಮ್ಮ ಸಿಳ್ಳೆ ಹಾಕುತ್ತಾರೆ. ಕುಕ್ಕುವಾಡದಲ್ಲಿ ಹುಡುಗಿಯಾಗಿದ್ದಾಗ ಜೋಳದ ಹೊಲದಲ್ಲಿ ಗಿಳಿ ಓಡಿಸುತ್ತ ಕಲಿತದ್ದು. ಹೆಣ್ಣು ಸಿಳ್ಳೆ ಹಾಕಿದರೆ ಮನೆಗೆ ದರಿದ್ರ ಎಂದು ಮದುವೆಯಾದ ಮನೆಯಲ್ಲಿ ಬಾಯಿ ಮುಚ್ಚಿಸಿದರು. ಬರೀ ಮಾತಿಗೆ ನಿಲ್ಲಲಿಲ್ಲ, ಕೈಯೂ ಎದ್ದಿತು. ಹರಿಹರಕ್ಕೆ ಬಂದ ಮೇಲೆ, ಕದ ಹಾಕಿದ ಅಡುಗೆಮನೆಯಲ್ಲಿ, ಸಾರಿಗೆ ಒಗ್ಗರಣೆ ಹಾಕುತ್ತ ಅಮ್ಮ ಮತ್ತೆ ಶುರು ಮಾಡಿದರು. ನಾನಿದ್ದೇನೆಂದು ತಿಳಿದರೆ ನಿಲ್ಲಿಸುತ್ತಿದ್ದರು. ಅದಕ್ಕೇ ನಾನು ಕಾಲ್ಸಪ್ಪಳ ಮಾಡುತ್ತಿರಲಿಲ್ಲ.

"ನಡುವ ಇರೋದು ಒಂದೇ ಗೋಡೆ ಅಲ್ಲೇನು" ಎಂದರು ಚಾಚಿ. "ನೀವು ಬಂದ ವಾರದಾಗೇ ಕೇಳಿತ್ತು. ನಿಮ್ಮಮ್ಮ ಶುರು ಮಾಡಿದ್ರ ನಾನು ಮಿಕ್ಸಿ ಬಂದ್ ಮಾಡಿ ಕೂಡ್ತೀನಿ."

"ಮತ್ತೆ ಯಾಕೆ ಕೆತ್ತಲಿಲ್ಲ, ಇಷ್ಟು ವರ್ಷ?"

"ಕದ ಹಾಕ್ಕೊಂಡು ಹಾಕೋ ಸಿಳ್ಳೆ ಅದು. ಬಿಸ್ಕತ್ತಿನ ಮ್ಯಾಲೆ ಒತ್ತಿ ಊರಿಗೆ ಹಂಚಲೇನು? ಕೋಳಿ ಜಗಳ ಬೀದ್ಯಾಗ ನಡೀತಿತ್ತು, ಕೆತ್ತಿದೆ. ಇದು ನಿಮ್ದು. ನೀವು ಕೊಟ್ರೆ ತಗೋಬೇಕು. ಹೋಗು, ಅಮ್ಮನ್ನ ಕೇಳಿ ಬಾ. ಬ್ಯಾಡ ಅಂದ್ರ ಬ್ಯಾಡ."

ನಮ್ಮನ್ನು ಬಿಟ್ಟಿದ್ದಾರೆ ಎಂದು ನಾನು ಎಣಿಸಿದ್ದ ಅಷ್ಟೂ ಹಬ್ಬಗಳಲ್ಲಿ ಅವರು ನಮ್ಮ ಬಾಗಿಲು ಕಾದಿದ್ದರು. ಕೆತ್ತುವ ಕಣ್ಣು ಇದ್ದಾಗ ಕಾದರು, ಈಗ ಕಣ್ಣಿರಲಿಲ್ಲ. ನಾನು ಎದ್ದು ಮನೆಗೆ ಹೋದೆ.

ಅಮ್ಮ ಅಕ್ಕಿ ಆರಿಸುತ್ತಿದ್ದರು. ಹೇಳಿದೆ. ಅವರ ಕೈ ಮೊರದ ಮೇಲೆ ನಿಂತಿತು.

"ಆಪಾಗೆ ಕೇಳ್ತಿತ್ತಾ?"

"ಮೊದಲಿಂದ್ಲೂ."

ಅಮ್ಮ ತಲೆ ಎತ್ತಲಿಲ್ಲ. ಒಂದೆರಡು ಕಲ್ಲು ಆರಿಸಿ ಹಾಕಿದರು. ಆಮೇಲೆ ನಗು ಬಂತು, ತಡೆದುಕೊಳ್ಳಲು ನೋಡಿದರು, ಆಗಲಿಲ್ಲ. "ಬಿಸ್ಕತ್ತಿನ ಮ್ಯಾಲೆ ಸಿಳ್ಳೆ ಹೆಂಗೆ ಬರೀತಿ? ಗಿಣಿ ಬರಿ. ಅವುನ್ನ ಓಡಿಸೋಕೇ ಅಲ್ಲೇನು ನಾನು ಕಲ್ತಿದ್ದು. ತಿನ್ನಲಿ ಬಿಡು ಎಲ್ಲಾರೂ."

ಗಿಳಿ ಕೆತ್ತಲು ಬಹಳ ದಿನ ಹಿಡಿಯಿತು. ಚಾಚಿ ಬೆರಳಿಟ್ಟು ನೋಡಿ ಬಾಲ ಗಿಡ್ಡ ಮಾಡಿಸಿದರು, ರೆಕ್ಕೆಯ ಗೆರೆಗಳನ್ನು ತೆಗೆಸಿದರು. ಕೊನೆಗೆ, "ಕೊಕ್ಕು ಯಾಕ ಮುಚ್ಚೀದಿ? ತೆರಿ" ಎಂದರು. ತೆರೆದೆ.

ಆ ರಂಜಾನಿಗೆ ಭಟ್ಟಿಯವನು, "ಗಿಣಿಯವರು ಯಾರ್ರಿ?" ಎಂದು ಕೂಗಿದಾಗ ಅಮ್ಮನೂ ಜೊತೆಗೆ ಬಂದಿದ್ದರು. "ನಿಮ್ಮನ್ಯಾಗ ಗಿಣಿ ಎಲ್ಲೈತ್ರಿ ಅಕ್ಕ?" ಎಂದ ಟೇಲರ್. "ಐತೆ. ನಿಮಗ ಕಾಣಂಗಿಲ್ಲ" ಎಂದರು ಅಮ್ಮ. ಆಮೇಲೆ, "ಬೋಳು ಬಿಸ್ಕತ್ತು!" ಎಂದಾಗ ಚಾಚಿ ಒಬ್ಬರೇ ಮುಂದೆ ಹೋದರು. ನಾನು ಹಿಂದೆಯೇ ಹೋಗಿ ಅವರ ಕೈ ಹಿಡಿದುಕೊಂಡೆ. ಡಬ್ಬಿ ತುಂಬಿಸಿಕೊಂಡು ಬರುವಾಗ ಕೇಳಿದೆ, ಅವರ ಮನೆಗೆ ಯಾಕೆ ಏನೂ ಕೆತ್ತಿಕೊಂಡಿಲ್ಲ ಎಂದು.

"ನಿಮ್ಮ ಮನಿಗೆ ಬಂದು ಕೂತ್ರ ನಿಮ್ಮ ಮನಿ ಕಾಣ್ತೈತೆ. ನನ್ನ ಮನ್ಯಾಗ ಕೂತ್ರ ನನಗ ಕೆಲಸ ಕಾಣ್ತೈತೆ" ಎಂದರು.

ಈ ಚಳಿಗಾಲದಲ್ಲಿ ಚಾಚಿ ತೀರಿಕೊಂಡರು. ಜ್ವರವೆಂದು ಮಲಗಿದವರು ಏಳಲಿಲ್ಲ. ಹೆಂಗಸರ ನಡುವೆ ನಿಂತು ಅವರ ಮುಖ ನೋಡಿದೆ. ಮಾತಾಡುವುದು ನನಗೆ ಯಾವಾಗಲೂ ಕಷ್ಟ; ಬಂದವರಿಗೆ ನೀರು ಕೊಡುತ್ತ ಓಡಾಡಿದೆ. ಅಮ್ಮ ಆ ಮನೆಗೆ ಎರಡು ಹೊತ್ತೂ ಅನ್ನ ಸಾರು ಮಾಡಿ ಕಳಿಸಿದರು.

ಮೂರನೆಯ ದಿನದ ಕುರಾನ್ ಓದು ಮುಗಿದು ಬಂದವರೆಲ್ಲ ಹೋದ ಮೇಲೆ, ಪಾತ್ರೆ ತರಲು ಹೋದಾಗ ಸೊಸೆ ನನ್ನನ್ನು ನಿಲ್ಲಿಸಿದಳು. ಒಂದೇ ಗೋಡೆಯ ಆಚೆ ಈಚೆ ಇದ್ದೂ ನಾವಿಬ್ಬರು ಊಟ ಆಯ್ತಾ ಎಂಬುದಕ್ಕಿಂತ ಹೆಚ್ಚು ಮಾತಾಡಿದವರಲ್ಲ.

"ಅಕ್ಕ, ನಮ್ಮನಿಗೊಂದು ಅಚ್ಚು ಮಾಡಿಕೊಡ್ತೀರೇನ್ರಿ? ಅಮ್ಮೀಜಾನ್ ನಿಮಗೊಬ್ರಿಗೇ ಕಲಿಸಿದ್ದು. ಅವ್ರ ಕನ್ನಡಕ ಕೆತ್ರಿ. ನೋಡಿದ ಕೂಡ್ಲೇ ಗೊತ್ತಾಗ್ಬೇಕು, ಅವ್ರ ಮನಿ ಅಂತ."

ಪಾತ್ರೆಗಳನ್ನು ಜೋಡಿಸಿಕೊಂಡು ಹೊರಟೆ. ಮನೆಗೆ ಬಂದು ಕಾಗದದ ಮೇಲೆ ಕನ್ನಡಕ ಬರೆದೆ. ಸುಲಭದ ಚಿತ್ರ: ಎರಡು ವೃತ್ತ, ನಡುವೆ ಒಂದು ಸೇತುವೆ, ಭಟ್ಟಿಯಲ್ಲಿ ಅಳಿಸುವುದೂ ಇಲ್ಲ. ಆದರೆ ನೋಡಿದಷ್ಟೂ ಅದು ಚಾಚಿಯದಾಗಿ ಮಾತ್ರ ಕಂಡಿತು. ಆ ಅಡುಗೆಮನೆಯಲ್ಲಿ ಈಗ ಹಿಟ್ಟು ಕಲಸುವವಳು ಬೇರೆ. ಅವಳಿಗೆ ಏನಿಷ್ಟ, ಒಬ್ಬಳೇ ಇರುವಾಗ ಏನು ಮಾಡುತ್ತಾಳೆ, ನನಗೆ ಒಂದೂ ತಿಳಿದಿರಲಿಲ್ಲ.

ಮರುದಿನ ಬೆಳಿಗ್ಗೆ ಪಕ್ಕದ ಮನೆಗೆ ಹೋದೆ. ಚಾಕು ಒಯ್ಯಲಿಲ್ಲ, ಕಾಗದವನ್ನೂ ಒಯ್ಯಲಿಲ್ಲ. ಸೊಸೆ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. "ಏನ್ ಬೇಕಿತ್ರಿ ಅಕ್ಕ?" ಎಂದಳು. ಏನಿಲ್ಲ ಎಂದು ಗೋಡೆಗೆ ಒರಗಿ ನೆಲದ ಮೇಲೆ ಕುಳಿತೆ. "ದಾವಣಗೆರೆ ಬಸ್ಸು ಹೋಗ್ತೈತೆ ನೋಡ್ರಿ" ಎಂದಳು. ಮುಂದಿನದಕ್ಕೆ ಹೋಗುತ್ತೇನೆ ಎಂದೆ. ಅವಳು ಸ್ವಲ್ಪ ಹೊತ್ತು ನನ್ನನ್ನೇ ನೋಡಿ, ಹಂಚಿನ ಉರಿ ತಗ್ಗಿಸಿ, ಚಹಾ ಮಾಡಿ ಕೊಟ್ಟಳು. ಕುಡಿದು ಮುಗಿಸಿದೆ. ಏಳಲಿಲ್ಲ. ಇನ್ನೂ ಸ್ವಲ್ಪ ಇದೆಯೇ ಎಂದು ಲೋಟ ಮುಂದೆ ಹಿಡಿದೆ.